ಸೂಯರ್‌ನಿಗೆ ಜ್ವರ ಬಂದಿತ್ತು

ನಾನು ಮೊದಲಿಂದ ಕೊನೆಯವರೆಗೆ ಓದಿರುವ ಕನ್ನಡ ಪುಸ್ತಕ ಒಂದೇ ಒಂದು. ಒಟ್ಟು ಹದಿನಾರು ಪುಟ. ಅದನ್ನೂ ಹದಿನೆಂಟು ವರ್ಷ ತಪ್ಪು ಓದಿದೆ.

ಹೀಗೆ ಹೇಳಿದರೆ ಜನ ವಿನಯ ಎಂದುಕೊಳ್ಳುತ್ತಾರೆ. ನನ್ನಲ್ಲಿ ವಿನಯ ಇಲ್ಲ. ಇದ್ದಿದ್ದರೆ ಆ ಪುಸ್ತಕವನ್ನು ಇನ್ನೊಂದು ಮಗುವಿಗೆ ಕಲಿಸಲು ಹೋಗುತ್ತಿರಲಿಲ್ಲ.

ಭಾಂಡುಪ್‌ನಲ್ಲಿ, ಮುಂಬಯಿಯ ಒಂದು ಬೆಟ್ಟದ ಮೈಗೆ ಅಂಟಿಕೊಂಡ ಚಾಳಿನಲ್ಲಿ ನಮ್ಮ ಮನೆ. ಅಪ್ಪ ವಿಜಯಪುರದ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದವರು. ಅವ್ವ ಮದುವೆಯಾಗಿ ಬರುವಾಗ ಒಂದು ತಗಡಿನ ಟ್ರಂಕ್ ತಂದಿದ್ದಳು. ನಾಲ್ಕನೇ ಇಯತ್ತೆಯವರೆಗೆ ಶಾಲೆ ಕಲಿತದ್ದಕ್ಕೆ ಸಾಕ್ಷಿಯಾಗಿ ಅದರೊಳಗೆ ಮೂರು ಪುಸ್ತಕಗಳಿದ್ದವು. ಒಂದು ಅಕ್ಷರಮಾಲೆ, ಅದರ ಸ್ವರಗಳನ್ನೆಲ್ಲ ಇಲಿ ತಿಂದು ವ್ಯಂಜನಗಳಷ್ಟೇ ಉಳಿದಿದ್ದವು. ಇನ್ನೊಂದು ನರಿಯ ಕಥೆ. ಕೊನೆಯ ಹಾಳೆ ಕಳೆದುಹೋದದ್ದರಿಂದ ಆ ನರಿ ಇವತ್ತಿಗೂ ಬಾವಿಯೊಳಗೇ ಇದೆ. ಮೂರನೆಯದಕ್ಕೆ ರಟ್ಟಿರಲಿಲ್ಲ, ಹೆಸರಿರಲಿಲ್ಲ, ಆದರೆ ಒಳಗಿನ ಪುಟಗಳೆಲ್ಲ ಇದ್ದವು. ಹೆಚ್ಚುಕಡಿಮೆ ಇದ್ದವು ಎನ್ನಬೇಕು. ಪ್ರತಿ ಚಿತ್ರದಲ್ಲೂ, ಬೆಟ್ಟದ ಪಕ್ಕದಲ್ಲಿ, ಬಳೆಯಷ್ಟು ದುಂಡನೆಯ ಒಂದು ತೂತಿತ್ತು.

"ಇಲಿ ಕಡದೈತಿ," ಎಂದಿದ್ದಳು ಅಕ್ಕ. ನಾನು ನಂಬಿದ್ದೆ. ಅಷ್ಟು ದುಂಡಗೆ ಕಡಿಯಲು ಇಲಿಗೆ ಕಂಪಾಸು ಯಾರು ಕೊಟ್ಟರು ಎಂದು ಕೇಳುವ ಬುದ್ಧಿ ಏಳು ವರ್ಷದವನಿಗೆ ಇರಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೆಳಗಿನ ಐದೂವರೆಗೆ ಮುಲುಂಡಿನ ಮನೆಗಳಿಗೆ ಚಪಾತಿ ಮಾಡಲು ಹೋದರೆ ಬರುತ್ತಿದ್ದುದು ಸಂಜೆಗೇ. ನಾನು ಮುನಿಸಿಪಾಲಿಟಿಯ ಮರಾಠಿ ಶಾಲೆಯ ಹುಡುಗ. ಹೀಗಾಗಿ ಅವ್ವನಿಂದ ಕನ್ನಡ ಅಕ್ಷರ ಕಲಿತಿದ್ದ ಅಕ್ಕನೇ ನನಗೂ ಕಲಿಸಬೇಕಾಯಿತು. ಅವಳಿಗೆ ತಾಳ್ಮೆ ಇದ್ದುದು ಒತ್ತಕ್ಷರದವರೆಗೆ ಮಾತ್ರ. ಅಷ್ಟರಲ್ಲಿ ಅವಳ ಹತ್ತನೆಯ ಪರೀಕ್ಷೆ ಬಂತು, ಪಾಠ ನಿಂತಿತು. ನಾನು ಅರ್ಕಾವತ್ತು ಎಂಬ ವಸ್ತುವನ್ನು ಕಾಣದೆ ಕನ್ನಡಿಗನಾಗಿಬಿಟ್ಟೆ.

ಆ ರಟ್ಟಿಲ್ಲದ ಪುಸ್ತಕದ ಮೊದಲ ಸಾಲಿನಲ್ಲೇ ಅದು ಕೂತಿತ್ತು. ನನ್ನ ಕಣ್ಣಿಗೆ ಕಂಡದ್ದು ಹೀಗೆ: ಸೂಯ೯. ಸೂ, ಯ, ಒಂಬತ್ತು. ನಮ್ಮ ಮರಾಠಿ ಒಂಬತ್ತೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸೂಯ ಒಂಬತ್ತು ಎಂದರೆ ಯಾರು, ಮೊದಲಿನ ಎಂಟು ಮಂದಿ ಎಲ್ಲಿ ಹೋದರು ಎಂದು ಅಕ್ಕನನ್ನು ಕೇಳಿದೆ. ಅವಳು ಭೂಗೋಳ ಬಾಯಿಪಾಠ ಮಾಡುತ್ತಾ, ತಲೆ ಎತ್ತದೆ, "ಅದು ಒಂಬತ್ತಲ್ಲೋ ಮಂಗ್ಯಾ, ಅದು ರ್," ಎಂದಳು. ಅಷ್ಟೇ. ಅದನ್ನು ಎಲ್ಲಿ ಓದಬೇಕು ಎಂದು ಹೇಳಲಿಲ್ಲ. ಮರಾಠಿಯಲ್ಲಿ ಆ ರ್ ಅಕ್ಷರದ ತಲೆಯ ಮೇಲೆ ಟೋಪಿಯಂತೆ ಕೂರುತ್ತದೆ, ಕನ್ನಡದಲ್ಲಿ ಬಾಲದಂತೆ ಹಿಂದೆ ಬರುತ್ತದೆ. ಬಾಲವನ್ನು ಕೊನೆಯಲ್ಲಿ ಓದುವುದೇ ಮರ್ಯಾದೆ ಎಂದುಕೊಂಡು ನಾನು ಓದಿದೆ: ಸೂ, ಯ, ರ್. ಸೂಯರ್.

ಸೂಯರ್ ಯಾರೆಂದು ಮುಂಬಯಿಯ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗಲ್ಲಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಒಬ್ಬರು ಇನ್ನೊಬ್ಬರನ್ನು ಹಿಂದಿಯಲ್ಲಿ ಹಾಗೆ ಕರೆಯುತ್ತಿದ್ದರು. ಹಂದಿ.

ಈಗ ಕಥೆ ಕೇಳಿ. ಬೆಟ್ಟದ ಹಿಂದೆ ಸೂಯರ್‌ನ ಮನೆ. ದಿನಾ ಬೆಳಿಗ್ಗೆ ಸೂಯರ್ ಎದ್ದು ಬರುತ್ತಾನೆ. ಸೂಯರ್ ಬಂದರೆ ಊರೆಲ್ಲ ಏಳುತ್ತದೆ. ಒಂದು ದಿನ ಸೂಯರ್ ಬರಲಿಲ್ಲ, ಸೂಯರ್‌ನಿಗೆ ಜ್ವರ. ಕೋಳಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತು. ಅಗಸನ ಬಟ್ಟೆ ಒಣಗಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಕಷಾಯ ಹೊತ್ತುಕೊಂಡು ಬೆಟ್ಟ ಹತ್ತಿದಳು. ಸೂಯರ್ ಕುಡಿದು ಎದ್ದ. ಅವನ ಮುಖ ಕೆಂಪಗಿತ್ತು. ಸಂಜೆಗೆ ಕೆರೆಯಲ್ಲಿ ಮುಳುಗಿದ.

ಇದರಲ್ಲಿ ನನಗೆ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ. ನಮ್ಮ ಚಾಳಿನ ಬೆಟ್ಟ ಇರುವುದು ಪಶ್ಚಿಮಕ್ಕೆ. ಅದರ ಹಿಂದಿನಿಂದ ನಾನು ಹುಟ್ಟಿದಾಗಿನಿಂದ ಯಾವತ್ತೂ ಹೊತ್ತು ಮೂಡಿಲ್ಲ. ಬೆಳಿಗ್ಗೆ ಅಲ್ಲಿಂದ ಇಳಿದು ಬರುತ್ತಿದ್ದುದು ಹಂದಿಗಳೇ. ಅವು ಗುರುಗುಟ್ಟುತ್ತಾ ಕೊಳಚೆ ನಾಲಾ ದಾಟಿದ ಸದ್ದಿಗೇ ಊರೆಲ್ಲ ಎದ್ದು ನಳದ ಮುಂದೆ ಕೊಡ ಇಡುತ್ತಿತ್ತು. ಸಂಜೆ ಅವು ಮುಳುಗುತ್ತಿದ್ದುದೂ ನಿಜ, ಅದೇ ನಾಲಾದಲ್ಲಿ. ಒಂದೇ ಒಂದು ಕಡೆ ಸ್ವಲ್ಪ ತಡವರಿಸಿದೆ: 'ಊರಿನವರೆಲ್ಲ ಸೂಯರ್‌ನಿಗೆ ಕೈಮುಗಿದರು.' ಆಮೇಲೆ ಕ್ಯಾಲೆಂಡರಿನಲ್ಲಿ ವರಾಹಾವತಾರದ ಚಿತ್ರ ನೋಡಿ ಅದನ್ನೂ ಬಗೆಹರಿಸಿಕೊಂಡೆ. ಬುದ್ಧಿವಂತ ಹುಡುಗ.

ಆ ಪುಸ್ತಕವನ್ನು ನಾನು ಎಷ್ಟು ಸಲ ಓದಿದೆನೋ. ಬಾಗಿಲ ಹೊಸ್ತಿಲಲ್ಲಿ ಕೂತು ಒಂದು ಪುಟ ತೆರೆದು, ತೂತಿನೊಳಗಿಂದ ಎದುರಿನ ಬೆಟ್ಟ ನೋಡಿದರೆ, ಒಂದೊಂದು ಸಲ ತೂತಿನಲ್ಲಿ ಸರಿಯಾಗಿ ಒಂದು ಹಂದಿ ಬಂದು ನಿಲ್ಲುತ್ತಿತ್ತು. ಅಷ್ಟು ಚೆಂದದ ಚಿತ್ರವಿರುವ ಪುಸ್ತಕ ಆಮೇಲೆ ನನಗೆ ಸಿಕ್ಕಿಲ್ಲ.

ಇದೆಲ್ಲ ನನ್ನೊಬ್ಬನ ಮೂರ್ಖತನವಾಗಿ ಉಳಿದಿದ್ದರೆ ಚೆನ್ನಾಗಿತ್ತು. ಉಳಿಯಲಿಲ್ಲ. ಅಕ್ಕ ಮದುವೆಯಾಗಿ ಮಲಾಡಿಗೆ ಹೋದಳು, ಒಬ್ಬ ಮಗಳು ಹುಟ್ಟಿದಳು. ಆ ಮಗುವಿಗೆ ಈಗ ಏಳು.

ಮಗು ಇಂಗ್ಲಿಷ್ ಶಾಲೆಗೆ ಹೋಗುತ್ತದೆ, ಬಿಲ್ಡಿಂಗಿನ ಕೆಳಗೆ ಹಿಂದಿಯಲ್ಲಿ ಆಡುತ್ತದೆ. ಕನ್ನಡ ಎಲ್ಲ ತಿಳಿಯುತ್ತದೆ, ಮೊದಲು ಅಷ್ಟಿಷ್ಟು ಮಾತೂ ಆಡುತ್ತಿತ್ತು. ಹೋದ ಬೇಸಿಗೆಯಲ್ಲಿ ಊರಿಗೆ ಕರೆದುಕೊಂಡು ಹೋದೆವು. ಊರ ಅಗಸೆ ಬಾಗಿಲ ಹತ್ತಿರ ಬಸ್ಸು ಬಂದು ನಿಂತಾಗ ಅವಳು ಸಂಭ್ರಮದಿಂದ ಓಡಿ ಬಂದು, "ಬಸ್ ಬಂದ್ಳು, ಬಸ್ ಬಂದ್ಳು," ಎಂದು ಕೂಗಿದಳು. ಹಿಂದಿಯಲ್ಲಿ ಬಸ್ಸು ಹೆಂಗಸು. ಅವಳ ಲೆಕ್ಕ ಸರಿಯಾಗಿತ್ತು. ಓಣಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವು ಅಲ್ಲಿದ್ದ ಹದಿನೈದು ದಿನವೂ ಅವಳು ಹೊರಗೆ ಕಾಲಿಟ್ಟರೆ, "ಏ, ಬಸ್ ಬಂದ್ಳು, ದಾರಿ ಬಿಡ್ರಿ," ಎಂದು ಗೋಡೆಗೆ ಸರಿಯುತ್ತಿದ್ದರು. ಎರಡನೆಯ ದಿನವೇ ಅವಳು ತುಟಿಗಳನ್ನು ಒಳಗೆ ಎಳೆದುಕೊಂಡು ಬಾಯಿ ಮುಚ್ಚಿದಳು. ಆಮೇಲೆ ಒಂದು ಕನ್ನಡ ಶಬ್ದ ಹೊರಗೆ ಬರಲಿಲ್ಲ. ಭಾಂಡುಪ್‌ಗೆ ಬಂದಾಗ ಅವ್ವ, "ಉಂಡಿ ಏನವಾ?" ಎಂದರೆ ತಲೆ ಆಡಿಸುವುದು, ಹೆಚ್ಚೆಂದರೆ, "ಖಾ ಲಿಯಾ." ಅವ್ವ ಅವಳ ಎದುರು ಏನೂ ಹೇಳುತ್ತಿರಲಿಲ್ಲ. ಅವರು ಹೋದ ಮೇಲೆ, "ಮೊಮ್ಮಗಳ ಜೋಡಿ ಮಾತಾಡಾಕ ಈ ವಯಸ್ಸಿನ್ಯಾಗ ನಾ ಹಿಂದಿ ಶಾಲಿಗೆ ಹೋಗ್ಲೇನು?" ಎಂದು ನನ್ನನ್ನು ಕೇಳುತ್ತಿದ್ದಳು, ಅದನ್ನು ನಾನೇ ಮಾಡಿದಂತೆ. ಅಕ್ಕ ಅತ್ತಿದ್ದನ್ನೂ ನೋಡಿದ್ದೇನೆ.

ಅಕ್ಕ ಮಲಾಡಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಅಲ್ಲಿ ಜಾತ್ರೆ. ಭಾವನಿಗೂ ಭಾನುವಾರ ರಜೆಯಿಲ್ಲ. ನನಗೆ ಮಾತ್ರ ಇದೆ. ಹಾಗಾಗಿ ಭಾನುವಾರದ ಮಟ್ಟಿಗೆ ನಾನು ಮಗು ನೋಡಿಕೊಳ್ಳುವ ಬಾಯಿ, ಅಂದರೆ ಮುಂಬಯಿ ಭಾಷೆಯಲ್ಲಿ ಕೆಲಸದಾಕೆ. ಒಂದು ದಿನ ಅವ್ವ ಮಾಳಾ ಎನ್ನುವ ಅಟ್ಟ ಸ್ವಚ್ಛ ಮಾಡುವಾಗ ಟ್ರಂಕಿನಲ್ಲಿ ಆ ಪುಸ್ತಕ ಮತ್ತೆ ಸಿಕ್ಕಿತು. ಚೀಲದಲ್ಲಿ ಹಾಕಿಕೊಂಡು ಮಲಾಡಿಗೆ ಹೋದೆ.

ಅವಳ ಹತ್ತಿರ ಒತ್ತಿದರೆ ಹಾಡುವ ಪುಸ್ತಕಗಳಿವೆ, ತೆರೆದರೆ ಒಳಗಿಂದ ಕೋಟೆ ಎದ್ದು ನಿಲ್ಲುವ ಪುಸ್ತಕಗಳಿವೆ. ಅವುಗಳ ನಡುವೆ ನನ್ನದನ್ನು ಇಟ್ಟಾಗ ಮದುವೆ ಮನೆಗೆ ಸೈಟಿನಿಂದ ನೇರ ಬಂದ ಅಪ್ಪನ ಹಾಗೆ ಕಂಡಿತು. ಅವಳು ತೂತಿನಲ್ಲಿ ಬೆರಳು ತೂರಿಸಿ, "ಯೇ ತೋ ಫಟಾ ಹುವಾ ಹೈ," ಎಂದಳು. ಹರಿದದ್ದು ಎಂದದ್ದನ್ನು ಕೇಳಿಸಿಕೊಳ್ಳದವನಂತೆ ನಾನು ಓದಿದೆ. "ಬೆಟ್ಟದ ಹಿಂದೆ ಸೂಯರ್‌ನ ಮನೆ."

ಅವಳು ತಲೆ ಎತ್ತಿದಳು. "ಕನ್ನಡಾ ಕೀ ಬುಕ್ ಮೇ ಗಾಲಿ ಹೈ ಕ್ಯಾ?"

"ಬೈಗುಳ ಅಲ್ಲವಾ. ಅವನೇ ಹೀರೊ."

"ಸೂಯರ್ ಹೀರೊ?"

"ಅವಗ ಜ್ವರ ಬೇರೆ ಬರ್ತೈತಿ. ಕೇಳು."

ನಕ್ಕಳು. ಮಗು ಹೊಟ್ಟೆ ಹಿಡಿದುಕೊಂಡು ಸೋಫಾದಿಂದ ಕೆಳಗೆ ಉರುಳಿತು. ಮತ್ತೆ ಓದು ಎಂದಳು, ಮತ್ತೆ ಓದಿದೆ. ನಾಲ್ಕನೆಯ ಸಲ ಓದುವಾಗ 'ಒಂದು ದಿನ' ಎಂದು ನಾನು ನಿಲ್ಲಿಸಿದರೆ ಆ ಕಡೆಯಿಂದ, "ಸೂಯರ್ ಬರಲಿಲ್ಲ," ಎಂದು ಬಂತು. ಅಚ್ಚುಕಟ್ಟಾದ ಕನ್ನಡ. ನಾನು ಗಮನಿಸದವನಂತೆ ಪುಟ ತಿರುಗಿಸಿದೆ. ಬೆಕ್ಕು ತಾನಾಗಿ ತೊಡೆಯ ಮೇಲೆ ಬಂದು ಕೂತಾಗ ಅಲುಗಾಡಬಾರದು.

ಮುಂದಿನ ಭಾನುವಾರಗಳಲ್ಲಿ ನಾನು ಅವಳಿಗೆ ಅಕ್ಷರ ಹೇಳಿಕೊಟ್ಟೆ. ಅರ್ಕಾವತ್ತನ್ನೂ ಹೇಳಿಕೊಟ್ಟೆ, ಬಹಳ ಆತ್ಮವಿಶ್ವಾಸದಿಂದ. "ಈ ಬಾಲ ಐತಲ್ಲ, ಇದನ್ನ ಕಡೀಕ ಓದಬೇಕು." ಅವಳು ಗುಲಾಬಿ ಬಣ್ಣದ ಹಂದಿಗಳನ್ನು ಬರೆದು, ತೂತಿನ ಅಳತೆಗೆ ಕತ್ತರಿಸಿ, ಪ್ರತಿ ಪುಟಕ್ಕೂ ಒಂದೊಂದು ಕೂಡಿಸಿ ಟೇಪ್ ಹಚ್ಚಿದಳು. ಒಂದು ಹಂದಿಯ ಬಾಯಲ್ಲಿ ಥರ್ಮಾಮೀಟರ್, ಒಂದಕ್ಕೆ ಮಫ್ಲರ್. ಇಷ್ಟು ವರ್ಷದ ಮೇಲೆ ಆ ಪುಸ್ತಕ ಪೂರ್ತಿಯಾಯಿತು ಅಂತ ನನಗನಿಸಿತು.

ಒಂದು ದಿನ ಬಾತ್‌ರೂಮಿನಿಂದ, "ಕೋಳಿ ಕೂಗಿ ಕೂಗಿ," ಎಂದು ಮಗಳ ದನಿ ಕೇಳಿ ಅಕ್ಕ ಬಾಗಿಲಿಗೆ ಕಿವಿ ಹಚ್ಚಿ ನಿಂತಳಂತೆ. ಅವಳಿಗೆ ಸಿಕ್ಕಿದ್ದು ಕೋಳಿಯ ಸಾಲು ಮಾತ್ರ. ಹಂದಿ ನಲ್ಲಿಯ ಸದ್ದಿನಲ್ಲಿ ಹೋಗಿತ್ತು. ಅದೇ ವಾರ ಮಾಟುಂಗದ ಒಂದು ಕನ್ನಡ ಸಂಘದವರು ಮಕ್ಕಳ ಓದಿನ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮಕ್ಕಳು ತಮಗೆ ಇಷ್ಟವಾದ ಕನ್ನಡ ಪುಸ್ತಕದಿಂದ ಎರಡು ಪುಟ ಮೈಕಿನಲ್ಲಿ ಓದಬೇಕು. ಅಕ್ಕ ಮಗಳ ಹೆಸರು ಕೊಟ್ಟು ಬಂದಳು. ಆಮಂತ್ರಣ ಪತ್ರಿಕೆಯನ್ನು ನಾನು ಮಗುವಿಗೆ ಓದಿ ತೋರಿಸಿದೆ: "ಮಕ್ಕಳ ಕಾಯರ್‌ಕ್ರಮ."

"ಕಾಯರ್ ಮತಲಬ್ ಡರಪೋಕ್ ನಾ?" ಎಂದಳು. ಅವಳ ಕಾರ್ಟೂನಿನಲ್ಲಿ ರಾಜರು ಒಬ್ಬರಿಗೊಬ್ಬರು ಹಾಗೆ, ಹೇಡಿ ಎಂದು, ಬೈದುಕೊಂಡೇ ಯುದ್ಧಕ್ಕೆ ಹೋಗುವುದು. ಅದು ಹಿಂದಿ, ಇದು ಕನ್ನಡ, ಅರ್ಥ ಬೇರೆ ಎಂದು ಸಮಾಧಾನ ಹೇಳಿದೆ. ಕಾರ್ಯಕ್ರಮ ಎಂದು ಬಾಯಲ್ಲಿ ಸಾವಿರ ಸಲ ಅಂದವನು ನಾನು. ಕಾಗದದ ಮೇಲಿರುವುದು ಅದೇ ಎಂದು ಹೊಳೆದಿರಲಿಲ್ಲ.

ಶನಿವಾರ ಸಂಜೆ ಮಗು ತಾನು ಓದಿದ್ದನ್ನು ಅಮ್ಮನಿಗೂ ಕೇಳಿಸದಂತೆ ಬಾಗಿಲು ಹಾಕಿಕೊಂಡು, ಅಕ್ಕನ ಫೋನಿನಿಂದ ವಾಯ್ಸ್ ಮೆಸೇಜ್ ಮಾಡಿ ಕಳಿಸಿತು. ಅವ್ವ ನೆಲಕ್ಕೆ ಕೂತು ಮೆಂತ್ಯ ಸೋಸುತ್ತಿದ್ದಳು. ಪದಕ ಗೆದ್ದವನಂತೆ ಫೋನನ್ನು ಅವಳ ಮುಂದೆ ಹಿಡಿದೆ. ಮೊಮ್ಮಗಳ ದನಿಯಲ್ಲಿ ಕನ್ನಡ ಕೇಳಿ ಅವ್ವನ ಕೈ ನಿಂತಿತು. ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ.

"ಯಾರಿಗೆ ಜ್ವರ ಬಂತಂತ?"

"ಸೂಯರ್‌ಗ, ಯವ್ವಾ. ನಿನ್ನ ಪುಸ್ತಕಾನ ಅದು. ಹಂದಿ ಕತಿ."

"ನನ್ನ ಪುಸ್ತಕದಾಗ ಹಂದಿ ಎಲ್ಲೈತೋ?"

"ಪುಸ್ತಕದ ತುಂಬ ಹಂದೀನ ಐತಿ."

ಅವ್ವ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಕೆಳಗಿಟ್ಟಳು. "ಸೂರ್ಯ," ಎಂದಳು. "ಸೂರ್ಯಗ ಜ್ವರ ಬಂದಿತ್ತು. ಹೊತ್ತು ಮೂಡಲಿಲ್ಲ. ಅದಕ್ಕ ಕೋಳಿ ಕೂಗಿದ್ದು. ಅಗಸನ ಅರಿವಿ ಒಣಗಲಿಲ್ಲ ಅಂತ ಬರ್ತೈತಿ ನೋಡು. ಹಂದಿ ಬರದಿದ್ರ ಅರಿವಿ ಯಾಕ ಒಣಗಂಗಿಲ್ಲೋ ಹುಚ್ಚಪ್ಯಾಲಿ?"

ಹದಿನೆಂಟು ವರ್ಷದಲ್ಲಿ ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಹಂದಿ, ಬಟ್ಟೆ, ಎರಡೂ ನಮ್ಮ ಓಣಿಯಲ್ಲಿ ಇದ್ದವು. ಏನೋ ಸಂಬಂಧ ಇರಬೇಕು ಎಂದುಕೊಂಡಿದ್ದೆ. ಈಗ ಎಲ್ಲ ಸಾಲುಗಳೂ ಒಂದೊಂದಾಗಿ ತಲೆಯೊಳಗೆ ತಿರುಗಿ ನಿಂತವು. ಕೆಂಪು ಮುಖ. ಕೈಮುಗಿದರು. ಸಂಜೆಗೆ ಮುಳುಗಿದ.

"ಮತ್ತ ಆ ತೂತು?"

"ನಿಮ್ಮಕ್ಕ ಶಾಲಿಗೆ ಗ್ರಹದ ತಕ್ತೆ ಮಾಡಬೇಕಂತ ಸೂರ್ಯನೆಲ್ಲ ಕತ್ತರಿಸಿ ಹಚ್ಚಿದ್ಳು. ನನಗೂ ಇಲಿ ಅಂತನ ಹೇಳಿದ್ಳು. ಪುಸ್ತಕದ ಸೂರ್ಯಗ ಮೀಸಿ ಇತ್ತು. ಶಾಲ್ಯಾಗ ನೋಡ್ತೇನಿ, ಶನಿಗೂ ಅದ ಮೀಸಿ, ಗುರುಗೂ ಅದ ಮೀಸಿ."

ಅವ್ವ ನಗಲು ಸುರು ಮಾಡಿದಳು. ಮೆಂತ್ಯದ ಎಲೆಗಳು ಮಡಿಲಿಂದ ಚೆಲ್ಲುವಷ್ಟು ನಕ್ಕಳು. ನಾನೂ ನಕ್ಕೆ. ಇದ್ದಕ್ಕಿದ್ದಂತೆ ಅವ್ವ ನಿಲ್ಲಿಸಿದಳು.

"ನಾಳೆ ಮಂದಿ ಮುಂದ ಹಿಂಗ ಓದತಾಳಲ್ಲೋ," ಎಂದಳು.

ಅಲ್ಲಿಗೆ ನನ್ನ ನಗುವೂ ನಿಂತಿತು. ಬಸ್ ಬಂದ್ಳು ಎಂದು ಒಂದು ಓಣಿ ನಕ್ಕದ್ದಕ್ಕೆ ಒಂದು ವರ್ಷ ಬಾಯಿ ಮುಚ್ಚಿದ ಮಗು. ನಾಳೆ ಒಂದು ಹಾಲ್ ತುಂಬ ಜನ. ಈಗ ಹೇಳಿದರೆ, ನೀನು ಕಲಿತದ್ದೆಲ್ಲ ತಪ್ಪು ಎಂದು ಹೇಳಿದಂತೆ. ಬಾಯಿ ಇವತ್ತೇ ಮುಚ್ಚುತ್ತದೆ. ಹೇಳದಿದ್ದರೆ ನಾಳೆ. ನನಗೆ ಇದ್ದ ಆಯ್ಕೆ ವಾರದ ಲೆಕ್ಕದ್ದು: ಶನಿವಾರವೋ, ಭಾನುವಾರವೋ.

ಅಕ್ಕನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಕೇಳಿದೇನು? ಹೆಂಗ ಓದ್ಯಾಳ? ನೋಡು, ತಪ್ಪು ಗಿಪ್ಪು ಏನಿದ್ರೂ ಈಗ ತೆಗೀಬ್ಯಾಡ. ಆಕಿ ಬಾಯಿ ಬಿಟ್ಟಾಳ, ನನಗಷ್ಟ ಸಾಕು," ಎಂದಳು. ಆಮೇಲೆ, "ನಿನ್ನಿಂದ ಆತು ತಮ್ಮಾ," ಎಂದಳು. ಅಕ್ಕ ನನ್ನನ್ನು ಹೊಗಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನಾನು "ಹ್ಞೂಂ" ಎಂದೆ. ಫೋನ್ ಇಟ್ಟೆ.

"ಹೇಳಿದಿ?" ಎಂದಳು ಅವ್ವ.

"ನಾಳೆ ಮಗೂಗೇ ಹೇಳ್ತೇನಿ."

"ನೀನ ಹೇಳಬೇಕು. ನಾ ಹೇಳಂಗಿಲ್ಲ. ನೆಟ್ಟಿದ್ದು ನೀನು."

ಭಾನುವಾರ ಮೆಗಾ ಬ್ಲಾಕ್, ಹಳಿ ರಿಪೇರಿಯ ದಿನ. ಲೋಕಲ್ ರೈಲು ನಿಂತು ನಿಂತು ಹೋಯಿತು. ಅವ್ವ ಇಳಕಲ್ ಸೀರೆ ಉಟ್ಟು ಕಿಟಕಿಯ ಪಕ್ಕ ಕೂತಿದ್ದಳು, ನಾನು ನಿಂತು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಕುರ್ಲಾ ಬರುವಷ್ಟರಲ್ಲಿ ಒಂದು ಒಳ್ಳೆಯ ಭಾಷಣ ತಯಾರಾಯಿತು, ಸಾಯನ್‌ನಲ್ಲಿ ಮರೆತುಹೋಯಿತು.

ಮಾಟುಂಗದ ಹೋಟೆಲಿನಲ್ಲಿ ಅಕ್ಕ ಮತ್ತು ಮಗು ಕಾಯುತ್ತಿದ್ದರು. ಅಕ್ಕ ಅಂಗಡಿಗೆ ರಜೆ ಹಾಕಿದ್ದಳು. ಮಗುವಿಗೆ ಪರಕರ ಪೋಲಕಾ, ಮುಡಿ ತುಂಬ ಮಲ್ಲಿಗೆ. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಇಡ್ಲಿ ಬಂತು. ಅಕ್ಕ ಕೈ ತೊಳೆಯಲು ಎದ್ದಳು. ಅವ್ವ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಅಲ್ಲವಾ," ಎಂದೆ, "ಕತ್ಯಾಗ ಸೂಯರ್ ಬದಲಿ ಸೂರ್ಯ ಇದ್ರ ಹೆಂಗಿರ್ತೈತಿ?"

ಅವಳು ಯೋಚಿಸಿದಳು. "ಬೋರಿಂಗ್. ಸೂರಜ್ ಕೋ ಬುಖಾರ್ ಕೈಸೇ ಆಯೇಗಾ? ವೋ ತೋ ಪೆಹಲೇ ಸೇ ಗರಮ್ ಹೈ."

ಮೊದಲೇ ಬಿಸಿಯಿರುವ ಸೂರ್ಯನಿಗೆ ಜ್ವರ ಹೇಗೆ ಬರುತ್ತದೆ ಎಂಬುದು ನ್ಯಾಯವಾದ ಪ್ರಶ್ನೆ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿದೆ. ಅವ್ವ ಮತ್ತೆ ತುಳಿದಳು, ಈ ಸಲ ಹಿಮ್ಮಡಿಯಿಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗುವೇ ಹತ್ತಿರ ಸರಿದು ನನ್ನ ಅಂಗಿಯ ತೋಳು ಹಿಡಿದಳು.

"ಮಾಮಾ, ಗಲತ್ ಬೋಲಾ ತೋ ಹಸೇಂಗೇ ಕ್ಯಾ?"

ತಪ್ಪಿದರೆ ನಗುತ್ತಾರಾ ಎಂದು ಕೇಳುವ ಆ ಕಣ್ಣುಗಳನ್ನು ನೀವು ನೋಡಬೇಕಿತ್ತು. ನಾನು ನೋಡಿದೆ, ಅದೇ ತಪ್ಪಾಯಿತು.

"ಇಲ್ಲ," ಎಂದೆ. "ನೀ ಒಂದೂ ತಪ್ಪು ಓದಂಗಿಲ್ಲ."

ಅವ್ವ ಕಾಲು ತೆಗೆದಳು. ಆಮೇಲೆ ತುಳಿಯಲಿಲ್ಲ.

ಸಂಘದ ಹಾಲ್ ಎರಡನೆಯ ಮಹಡಿಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ತಿರುಗುವ ಫ್ಯಾನುಗಳು, ಮೊದಲ ಸಾಲಿನಲ್ಲಿ ಹಿರಿಯರು. ಅವ್ವ ಮುಂದೆ ಕೂತಳು. ಅಕ್ಕ ಫೋನಿನ ಕ್ಯಾಮೆರಾ ತೆರೆದು ನನ್ನ ಪಕ್ಕ ಹಿಂದೆ ನಿಂತಳು. ನಾನು ಒಂದು ಕಂಬ ಹುಡುಕಿಕೊಂಡೆ. ಕರಾವಳಿ ಕಡೆಯ ಹಿರಿಯರೊಬ್ಬರು 'ಬನ್ನಿ ಮಕ್ಕಳೇ' ಎನ್ನುತ್ತಾ ಒಬ್ಬೊಬ್ಬರಿಗೇ ಮೈಕ್ ತಗ್ಗಿಸಿ ಕೊಡುತ್ತಿದ್ದರು. ಐದನೆಯವಳು ಅವಳು.

"ಬೆಟ್ಟದ ಹಿಂದೆ," ಎಂದಳು. ದನಿ ಸ್ಪಷ್ಟವಾಗಿತ್ತು. "ಸೂಯರ್‌ನ ಮನೆ."

ಎಲ್ಲೋ ಒಬ್ಬರು ಕೆಮ್ಮಿದರು.

"ದಿನಾ ಬೆಳಿಗ್ಗೆ ಸೂಯರ್ ಎದ್ದು ಬರುತ್ತಾನೆ."

ಎರಡನೆಯ ಸಾಲಿನ ಹುಡುಗರು ಒಬ್ಬರನ್ನೊಬ್ಬರು ತಿವಿದರು. 'ಸೂಯರ್ ಬಂದರೆ ಊರೆಲ್ಲ ಏಳುತ್ತದೆ' ಎನ್ನುವಷ್ಟರಲ್ಲಿ ಹಾಲಿಗೆ ಹಾಲೇ ನಕ್ಕಿತು. ಕೆಟ್ಟ ನಗು ಅಲ್ಲ. ಆದರೆ ಒಳ್ಳೆಯ ನಗು, ಕೆಟ್ಟ ನಗು ಎಂದು ಬೇರೆ ಮಾಡುವ ವಯಸ್ಸಲ್ಲ ಏಳು.

ಅವಳು ನಿಲ್ಲಿಸಿದಳು. ತುಟಿಗಳು ಒಳಗೆ ಹೋದವು. ಊರಿನಲ್ಲಿ ನೋಡಿದ ಅದೇ ತುಟಿಗಳು.

"ಏನಂದ್ಳೋ?" ಎಂದು ಅಕ್ಕ ಪಿಸುಗುಟ್ಟಿದಳು. "ಏನಂತ ಓದಿದ್ಳು?"

ನಾನು ಮುಂದೆ ಹೋಗಬೇಕಿತ್ತು. ವೇದಿಕೆ ಹತ್ತಿ, ತಪ್ಪು ನಂದು ರೀ ಎಂದು ಹೇಳಬೇಕಿತ್ತು. ಚಾಳಿನಲ್ಲಿ, ಆಫೀಸಿನಲ್ಲಿ, ಲೋಕಲಿನಲ್ಲಿ ಕರೆಯದಿದ್ದರೂ ಎದ್ದು ನಿಂತು ಮಾತಾಡುವವನು ನಾನು. ಆ ಹೊತ್ತಿನಲ್ಲಿ ಕಂಬವನ್ನು ಬಿಟ್ಟರೆ ಹಾಲ್ ಬೀಳುತ್ತದೆ ಎನ್ನುವಂತೆ ಹಿಡಿದುಕೊಂಡಿದ್ದೆ.

ಹಿರಿಯರು ಬಗ್ಗಿ, ಮೆಲ್ಲಗೆ, "ಎಂತ ಓದಿದ್ದು ಮಗಾ? ಸರಿ ನೋಡು. ಅದು ಸೂರ್ಯ ಅಲ್ವಾ?" ಎಂದರು. ಮೆಲ್ಲಗೆ ಅಂದರೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅವಳು ಪುಸ್ತಕ ನೋಡಿದಳು. ತಲೆ ಎತ್ತಿ ಹಾಲಿನ ತುಂಬ ಹುಡುಕಿ ನನ್ನನ್ನು ನೋಡಿದಳು. ನಾನು ಕಂಬದ ಹಿಂದೆ ಅರ್ಧ ಇದ್ದೆ. ಅವಳು ಕೈ ಚಾಚಿ ಆ ಅರ್ಧವನ್ನು ತೋರಿಸಿದಳು.

"ನಮ್ಮ ಮಾಮಾ ಸೂಯರ್ ಅಂದಾನ."

ನೂರು ತಲೆಗಳು ಹಿಂದಕ್ಕೆ ತಿರುಗಿದವು. ಆಗ ಎದ್ದ ನಗು ಮೊದಲಿನದಕ್ಕಿಂತ ದೊಡ್ಡದು. ಆದರೆ ಅದು ಪೂರ್ತಿ ನನ್ನ ಕಡೆಗೇ ಬಂತು. ನಾನು ಕೈಮುಗಿದೆ. ಬೇರೇನು ಮಾಡಲಿ?

"ಮಾಮ ಓದಿದ್ದು ತಪ್ಪು ಮಗಾ," ಎಂದರು ಹಿರಿಯರು, ನಗು ತಡೆದುಕೊಳ್ಳುತ್ತಾ. "ಬೆಟ್ಟದ ಹಿಂದಿನಿಂದ ಬರುವುದು ಯಾರು ಹೇಳು? ಸೂರ್ಯ ಅಲ್ವಾ?"

"ಇಲ್ಲ," ಎಂದಳು. ಮೈಕ್ ಕೀ ಎಂದಿತು. ಅದು ಸುಮ್ಮನಾಗುವವರೆಗೆ ಕಾದಳು. "ಭಾಂಡುಪ್‌ದಾಗ ಸೂಯರ್ ಬರ್ತಾನ. ನಾ ನೋಡೇನಿ."

ಪುಸ್ತಕವನ್ನು ತಿರುಗಿಸಿ ಎಲ್ಲರಿಗೂ ತೋರಿಸಿದಳು. ತೂತಿನಲ್ಲಿ ಗುಲಾಬಿ ಹಂದಿ ಮಫ್ಲರ್ ಸುತ್ತಿಕೊಂಡು ಕೂತಿತ್ತು. ಹಿರಿಯರು ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದು, "ಆಯ್ತು, ಓದು ಮಾರಾಯ್ತಿ," ಎಂದರು.

ಅವಳು ಓದಿದಳು. ಎರಡು ಪುಟವಲ್ಲ, ಪೂರ್ತಿ. ಪ್ರತಿ ಸಲ ಸೂಯರ್ ಎಂದಾಗಲೂ ಜನ ನಕ್ಕರು, ಪ್ರತಿ ಸಲವೂ ಅವಳು ನಿಂತು, ಎದುರಿನ ಟ್ರ್ಯಾಕಿನಲ್ಲಿ ಫಾಸ್ಟ್ ಲೋಕಲ್ ಹಾದುಹೋಗಲಿ ಎಂದು ಮಾತು ನಿಲ್ಲಿಸುವವರ ಹಾಗೆ ಕಾದು, ಮುಂದುವರಿದಳು. ಮುಖದಲ್ಲಿ ನಗುವಿರಲಿಲ್ಲ. ಅವಳು ಧೈರ್ಯದಿಂದ ಓದುತ್ತಿದ್ದಳೋ ನನ್ನ ಮೇಲಿನ ಸಿಟ್ಟಿನಿಂದಲೋ ಆ ದೂರದಿಂದ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದು ನಕ್ಕದ್ದಕ್ಕೋ ಅತ್ತದ್ದಕ್ಕೋ ಅದೂ ತಿಳಿಯಲಿಲ್ಲ. ಅಕ್ಕ ಮಾತ್ರ ಸ್ಪಷ್ಟವಾಗಿದ್ದಳು. ರೆಕಾರ್ಡ್ ನಿಲ್ಲಿಸದೆಯೇ ನನ್ನ ತೋಳು ಚಿವುಟಿ, "ಹದಿನೆಂಟು ವರ್ಷ ಹಂದಿ ಅಂತ ಓದಿದೇನೋ," ಎಂದಳು.

"ಇಲಿ ಅಂದವರು ಯಾರು?" ಎಂದೆ. ಅವಳು ಬಿಟ್ಟಳು.

ಮಗು ವೇದಿಕೆ ಇಳಿದು ನೇರ ಅವ್ವನ ತೊಡೆಯ ಮೇಲೆ ಹೋಗಿ ಕೂತಳು. ನನ್ನ ಕಡೆ ಬರಲಿಲ್ಲ. ಸ್ಟೇಷನ್ನಿಗೆ ನಡೆಯುವಾಗ ಅಜ್ಜಿಯ ಕೈ ಹಿಡಿದಳು. ನಾನು ಬಾಳೆಹಣ್ಣಿನ ಚಿಪ್ಸ್ ಕೊಡಿಸಿದೆ. ಪೊಟ್ಟಣ ಇಸಿದುಕೊಂಡಳು, ಮುಖ ನೋಡಲಿಲ್ಲ. ನಾನು ಹಂದಿಯಂತೆ ಗುರುಗುಟ್ಟಿದೆ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಮಾತ್ರ ತಿರುಗಿ ನೋಡಿದಳು.

ಅಕ್ಕ, ಮಗು ಆ ರಾತ್ರಿ ನಮ್ಮ ಮನೆಗೇ ಬರುವವರಿದ್ದರು. ಭಾಂಡುಪ್ ಕಡೆಯ ಲೋಕಲಿನಲ್ಲಿ ನಾಲ್ವರಿಗೂ ಎದುರು ಬದುರು ಜಾಗ ಸಿಕ್ಕಿತು. ಗಾಡಿ ಹೊರಟ ಮೇಲೆ ಅವಳು ಮೊದಲ ಸಲ ನನ್ನತ್ತ ತಿರುಗಿದಳು.

"ಹೋಟೆಲ್‌ದಾಗ," ಎಂದಳು. ಶಬ್ದ ಹುಡುಕಿದಳು. ಹಿಂದಿಗೆ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. "ನಿನಗ ಗೊತ್ತಿತ್ತು?"

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು, ಆದರೆ ಅವಳ ಚಪ್ಪಲಿ ನನ್ನ ಕಾಲಿನಿಂದ ಎರಡೇ ಬೆರಳು ದೂರದಲ್ಲಿತ್ತು.

"ಗೊತ್ತಿತ್ತು," ಎಂದೆ.

ಸಾಯನ್ ದಾಟಿತು. ಅವಳು ಸಂಘದವರು ಕೊಟ್ಟ ಪ್ರಮಾಣಪತ್ರವನ್ನು ಚೀಲದಿಂದ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು.

"ಓದು."

ಮಕ್ಕಳ ಎಂದು ಓದಿದೆ. ಮುಂದಿನ ಶಬ್ದದಲ್ಲಿ ಆ ಬಾಲ ಕೂತಿತ್ತು. ಈಗ ನನಗೆ ಗೊತ್ತು, ಬಾಲ ಮೊದಲು, ಅಕ್ಷರ ಆಮೇಲೆ. ಗೊತ್ತಿದ್ದರೂ ನಾಲಿಗೆ ಹದಿನೆಂಟು ವರ್ಷದ ಹಳೆಯ ದಾರಿ ಹಿಡಿದು ಹೋಗಿಬಿಟ್ಟಿತು.

"ಕಾಯರ್..." ಎಂದು ನಾಲಿಗೆ ಕಚ್ಚಿಕೊಂಡೆ.

"ಹೌದು," ಎಂದಳು. "ನೀನ."

ಅಕ್ಕ ಅವ್ವನನ್ನು ನೋಡಿದಳು. ಅವ್ವ ಕಿಟಕಿಯನ್ನು ನೋಡಿದಳು. ಸಹಾಯಕ್ಕೆ ಯಾರೂ ಬರಲಿಲ್ಲ. ಕುರ್ಲಾ ಬಂತು, ಜನ ಹತ್ತಿದರು, ಒಬ್ಬರ ಚೀಲ ನನ್ನ ಕಿವಿಗೆ ತಾಗಿತು. ಅವಳು ಬೆರಳು ತೆಗೆಯಲಿಲ್ಲ. ಪುಟ್ಟ ಬೆರಳು, ಉಗುರಿನ ಸಂದಿಯಲ್ಲಿ ಗುಲಾಬಿ ಕ್ರೇಯಾನು.

"ಇನ್ನೊಮ್ಮೆ ಓದು," ಎಂದಳು.